ಸ್ವಲೀನತೆ ಮತ್ತು ಮಕ್ಕಳ ಮಿದುಳಿನ ಹಾನಿ

ಸ್ವಲೀನತೆ ಮತ್ತು ಮಿದುಳಿನ ಹಾನಿ ಇವು ಬಾಲ್ಯದಲ್ಲಿ ಮಗುವಿನ ಮಾತು, ಕಲಿಕೆ, ನಡವಳಿಕೆ ಹಾಗೂ ಇತರರೊಂದಿಗಿನ ಒಡನಾಟದ ಮೇಲೆ ಪರಿಣಾಮ ಬೀರುವ ಎರಡು ಬೇರೆ ಬೇರೆ ಸ್ಥಿತಿಗಳು. ಮಿದುಳು ಬೆಳೆಯುವ ಕ್ರಮದಲ್ಲಿಯೇ ಇರುವ ಭಿನ್ನತೆಯನ್ನು ಸ್ವಲೀನತೆ ಅಥವಾ ಆಟಿಸಂ ಎನ್ನಲಾಗುತ್ತದೆ. ಉಸಿರುಕಟ್ಟುವಿಕೆ, ಸೋಂಕು, ರಕ್ತಸ್ರಾವ, ತಲೆಗೆ ಬಿದ್ದ ಪೆಟ್ಟು ಮೊದಲಾದ ಕಾರಣಗಳಿಂದ ಮಿದುಳಿನ ಜೀವಕೋಶಗಳಿಗೆ ಆಗುವ ನಷ್ಟವು ಮಿದುಳಿನ ಹಾನಿ ಎನಿಸಿಕೊಳ್ಳುತ್ತದೆ. ಹೊರಗೆ ಕಾಣುವ ಲಕ್ಷಣಗಳು ಕೆಲವೊಮ್ಮೆ ಒಂದನ್ನೊಂದು ಹೋಲುವುದರಿಂದಲೂ, ಒಂದೇ ಮಗುವಿನಲ್ಲಿ ಎರಡೂ ಇರಬಹುದಾದುದರಿಂದಲೂ ಇವುಗಳ ಪರಸ್ಪರ ಸಂಬಂಧವು 1940ರ ದಶಕದಿಂದ ಇಂದಿನವರೆಗೆ ಸಂಶೋಧನೆಯ ವಿಷಯವಾಗಿದೆ. ಈ ಸಂಶೋಧನೆಯ ಮುಖ್ಯ ಫಲಿತಾಂಶವೆಂದರೆ, ಸ್ವಲೀನತೆಯು ತಾಯಿಯ ನಿರ್ಲಕ್ಷ್ಯದಿಂದಾಗಲಿ ಲಸಿಕೆಯಿಂದಾಗಲಿ ಬರುವುದಿಲ್ಲ. ಇನ್ನೊಂದು ಕಡೆ, ಮಕ್ಕಳ ಮಿದುಳಿನ ಹಾನಿಯ ಹಲವು ಕಾರಣಗಳು ತಡೆಯಬಹುದಾದವುಗಳಾಗಿವೆ. ಕರ್ನಾಟಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿವೆ.

ಪರಿಭಾಷೆ

'ಆಟಿಸಂ' ಎಂಬ ಪದವು 'ತಾನು' ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದಿದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 20ನೆಯ ಶತಮಾನದ ಆರಂಭದಲ್ಲಿ ಇದನ್ನು ಮೊದಲು ಬಳಸಿದನು. ಕನ್ನಡದಲ್ಲಿ ತನ್ನಲ್ಲಿಯೇ ಲೀನವಾಗಿರುವಿಕೆ ಎಂಬ ಅರ್ಥದಲ್ಲಿ 'ಸ್ವಲೀನತೆ' ಎಂಬ ಪದ ರೂಢಿಗೆ ಬಂದಿದೆ. ಲಕ್ಷಣಗಳ ತೀವ್ರತೆ ಮಗುವಿನಿಂದ ಮಗುವಿಗೆ ಬಹಳ ಭಿನ್ನವಾಗಿರುವುದರಿಂದ ಇಂದಿನ ವೈದ್ಯಕೀಯದಲ್ಲಿ ಇದನ್ನು ಒಂದು ವಿಶಾಲ ಶ್ರೇಣಿಯಾಗಿ ಪರಿಗಣಿಸಲಾಗುತ್ತದೆ. ಮಾತೇ ಬಾರದ ಮಗುವೂ, ನಿರರ್ಗಳವಾಗಿ ಮಾತನಾಡುತ್ತಾ ಎದುರಿನವರ ಮನಸ್ಸನ್ನು ಅರಿಯಲು ಕಷ್ಟಪಡುವ ಮಗುವೂ ಇದೇ ಶ್ರೇಣಿಯಲ್ಲಿ ಸೇರುತ್ತವೆ.

ಮಿದುಳಿನ ಹಾನಿಯನ್ನು ಅದು ಸಂಭವಿಸುವ ಕಾಲವನ್ನು ಅನುಸರಿಸಿ ಗರ್ಭಾವಸ್ಥೆಯದು, ಹೆರಿಗೆಯ ಸಮಯದ್ದು ಮತ್ತು ಜನನಾನಂತರದ್ದು ಎಂದು ಮೂರು ವಿಧವಾಗಿ ವಿಂಗಡಿಸಲಾಗುತ್ತದೆ. ಬೆಳೆಯುವ ಮಿದುಳಿಗೆ ಆದ ಹಾನಿಯಿಂದ ಅಂಗಾಂಗಗಳ ಚಲನೆ ಮತ್ತು ದೇಹದ ಭಂಗಿ ಶಾಶ್ವತವಾಗಿ ಬಾಧಿತವಾದಾಗ ಆ ಸ್ಥಿತಿಯನ್ನು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಸ್ವಲೀನತೆ ಮತ್ತು ಸೆರೆಬ್ರಲ್ ಪಾಲ್ಸಿ ಎರಡೂ ಬುದ್ಧಿಮಾಂದ್ಯಕ್ಕೆ ಪರ್ಯಾಯ ಪದಗಳಲ್ಲ. ಈ ಎರಡೂ ಸ್ಥಿತಿಗಳಲ್ಲಿ ಬುದ್ಧಿಶಕ್ತಿ ಸಾಮಾನ್ಯವಾಗಿರುವ ಮಕ್ಕಳಿದ್ದಾರೆ.

ಸಂಶೋಧನೆಯ ಇತಿಹಾಸ

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಪ್ರಕಟಿಸಿದ ಪ್ರಬಂಧವನ್ನು ಸ್ವಲೀನತೆಯ ಆಧುನಿಕ ಅಧ್ಯಯನದ ಆರಂಭವೆಂದು ಪರಿಗಣಿಸಲಾಗಿದೆ. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಇಂಥದೇ ಲಕ್ಷಣಗಳನ್ನು ವಿವರಿಸಿದನು. ಇವರಿಬ್ಬರಿಗೂ ಮುನ್ನ 1920ರ ದಶಕದಲ್ಲಿ ಮಾಸ್ಕೋದ ವೈದ್ಯೆ ಗ್ರೂನ್ಯಾ ಸುಖರೇವಾ ಇದೇ ಬಗೆಯ ಮಕ್ಕಳನ್ನು ವರ್ಣಿಸಿದ್ದರು.

ಕ್ಯಾನರ್ ತನ್ನ ಮೊದಲ ಪ್ರಬಂಧದಲ್ಲಿ ಈ ಸ್ಥಿತಿಯು ಹುಟ್ಟಿನಿಂದಲೇ ಇರುವಂಥದು ಎಂಬ ಅಭಿಪ್ರಾಯಕ್ಕೆ ಬಂದಿದ್ದರೂ, ಮುಂದಿನ ಎರಡು ದಶಕಗಳಲ್ಲಿ ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ವಾದ ಪ್ರಬಲವಾಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕವು ಈ ವಾದವನ್ನು ಜನಪ್ರಿಯಗೊಳಿಸಿತು. ಇದರಿಂದ ಅಸಂಖ್ಯಾತ ತಾಯಂದಿರು ತಪ್ಪಿಲ್ಲದೆ ತಪ್ಪಿತಸ್ಥರಾದರು. ಸ್ವಲೀನತೆಯುಳ್ಳ ಮಗನ ತಂದೆಯೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿಯೇ ಇದನ್ನು ಅಲ್ಲಗಳೆದು, ಸ್ವಲೀನತೆಯ ಮೂಲವು ನರಮಂಡಲದಲ್ಲಿದೆ ಎಂದು ಪ್ರತಿಪಾದಿಸಿದ್ದನು.

ರುಬೆಲ್ಲಾ ಅಧ್ಯಯನ: 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ರೋಗ ವ್ಯಾಪಕವಾಗಿ ಹರಡಿತು. ಗರ್ಭದಲ್ಲಿರುವಾಗ ಈ ಸೋಂಕಿಗೆ ಗುರಿಯಾಗಿ ಜನಿಸಿದ 243 ಮಕ್ಕಳನ್ನು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯೆ ಪರಿಶೀಲಿಸಿ, 10 ಮಕ್ಕಳಲ್ಲಿ ಪೂರ್ಣ ಪ್ರಮಾಣದ ಮತ್ತು 8 ಮಕ್ಕಳಲ್ಲಿ ಭಾಗಶಃ ಸ್ವಲೀನತೆಯನ್ನು ಗುರುತಿಸಿದರು. 1971ರಲ್ಲಿ ಪ್ರಕಟವಾದ ಈ ಅಧ್ಯಯನವು ಗರ್ಭಸ್ಥ ಮಿದುಳಿಗೆ ಆಗುವ ಹಾನಿಗೂ ಸ್ವಲೀನತೆಗೂ ಸಂಬಂಧವಿರಬಹುದೆಂಬುದಕ್ಕೆ ದೊರೆತ ಮೊದಲ ಬಲವಾದ ಸಾಕ್ಷ್ಯಗಳಲ್ಲಿ ಒಂದು.

ಅವಳಿ ಮಕ್ಕಳ ಅಧ್ಯಯನ: 1977ರಲ್ಲಿ ಲಂಡನ್ನಿನ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟ್ಟರ್ ಅವರು 21 ಅವಳಿ ಜೋಡಿಗಳ ಅಧ್ಯಯನವನ್ನು ಪ್ರಕಟಿಸಿದರು. ಪ್ರತಿಯೊಂದು ಜೋಡಿಯಲ್ಲಿಯೂ ಕನಿಷ್ಠ ಒಂದು ಮಗುವಿಗೆ ಸ್ವಲೀನತೆ ಇದ್ದಿತು. ತದ್ರೂಪಿ ಅವಳಿಗಳ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಸ್ವಲೀನತೆ ಕಂಡುಬಂದಿತು. ತದ್ರೂಪಿಗಳಲ್ಲದ 10 ಜೋಡಿಗಳ ಪೈಕಿ ಒಂದರಲ್ಲಿಯೂ ಹೀಗಿರಲಿಲ್ಲ. ಇದರಿಂದ ಆನುವಂಶಿಕತೆಯ ಪಾತ್ರ ಸ್ಪಷ್ಟವಾಯಿತು. ಒಬ್ಬರಿಗೆ ಮಾತ್ರ ಸ್ವಲೀನತೆಯಿದ್ದ ಉಳಿದ 17 ಜೋಡಿಗಳ ಪೈಕಿ 12ರಲ್ಲಿ, ಸ್ವಲೀನತೆಯುಳ್ಳ ಮಗುವಿಗೆ ಮಿದುಳಿನ ಹಾನಿಯನ್ನು ಉಂಟುಮಾಡಬಲ್ಲ ತೊಂದರೆಯೊಂದು ಒದಗಿದ್ದುದೂ ಕಂಡುಬಂದಿತು. ಆದುದರಿಂದ ಹೆರಿಗೆಯ ಕಷ್ಟವೇ ಸ್ವಲೀನತೆಗೆ ಕಾರಣವೆಂದು ಹಲವರು ಭಾವಿಸಿದರು.

1995ರಲ್ಲಿ ಆಂಟನಿ ಬೈಲಿ ಮತ್ತು ಸಂಗಡಿಗರು ಇನ್ನಷ್ಟು ಅವಳಿಗಳನ್ನು ಸೇರಿಸಿ ನಡೆಸಿದ ಅಧ್ಯಯನವು ಈ ಭಾವನೆಯನ್ನು ತಿದ್ದಿತು. ತದ್ರೂಪಿ ಅವಳಿಗಳಲ್ಲಿ ಸುಮಾರು ಶೇಕಡ 60ರಷ್ಟು ಜೋಡಿಗಳಲ್ಲಿ ಇಬ್ಬರಿಗೂ ಸ್ವಲೀನತೆ ಇದ್ದಿತು. ಹೆರಿಗೆಯ ಸಮಯದ ತೊಂದರೆಗಳು ಬಹುಪಾಲು ಸಂದರ್ಭಗಳಲ್ಲಿ ಸ್ವಲೀನತೆಯ ಕಾರಣವಾಗಿರದೆ, ಗರ್ಭದಲ್ಲಿಯೇ ಭಿನ್ನವಾಗಿ ಬೆಳೆಯುತ್ತಿದ್ದ ಮಗುವಿನ ಪರಿಣಾಮವಾಗಿರಬಹುದು ಎಂದು ಈ ತಂಡ ಅಭಿಪ್ರಾಯಪಟ್ಟಿತು. 2019ರಲ್ಲಿ ಐದು ದೇಶಗಳ 20 ಲಕ್ಷ ಮಕ್ಕಳ ದಾಖಲೆಗಳನ್ನು ಆಧರಿಸಿದ ಅಧ್ಯಯನವು, ಸ್ವಲೀನತೆಯ ಸಂಭವದಲ್ಲಿ ಕಂಡುಬರುವ ವ್ಯತ್ಯಾಸದ ಸುಮಾರು ಶೇಕಡ 80ರಷ್ಟನ್ನು ಆನುವಂಶಿಕ ಅಂಶಗಳು ವಿವರಿಸುತ್ತವೆ ಎಂದು ಅಂದಾಜಿಸಿತು. ಇಲ್ಲಿ ಆನುವಂಶಿಕವೆಂದರೆ ತಂದೆಗೋ ತಾಯಿಗೋ ಸ್ವಲೀನತೆ ಇರಲೇಬೇಕು ಎಂದಲ್ಲ. ಅನೇಕ ವಂಶವಾಹಿಗಳ ಚಿಕ್ಕಚಿಕ್ಕ ಪ್ರಭಾವಗಳು ಒಟ್ಟುಗೂಡುವುದುಂಟು. ಮಗುವಿನಲ್ಲಿ ಹೊಸದಾಗಿ ಉಂಟಾದ ವಂಶವಾಹಿ ಬದಲಾವಣೆಯೂ ಕಾರಣವಾಗಬಹುದು.

ಲಸಿಕೆಯ ವಿವಾದ

1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯನು ಕೇವಲ 12 ಮಕ್ಕಳನ್ನು ಆಧರಿಸಿದ ಪ್ರಬಂಧವೊಂದರಲ್ಲಿ ದಡಾರ, ಮಂಗನಬಾವು ಮತ್ತು ರುಬೆಲ್ಲಾ ಲಸಿಕೆಗೂ ಸ್ವಲೀನತೆಗೂ ಸಂಬಂಧವಿರುವಂತೆ ಸೂಚಿಸಿದನು. ಮಾಹಿತಿಯನ್ನು ತಿರುಚಿದ್ದು ಬೆಳಕಿಗೆ ಬಂದ ಮೇಲೆ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ವೈದ್ಯರ ನೋಂದಣಿಪಟ್ಟಿಯಿಂದ ಅವನ ಹೆಸರನ್ನು ತೆಗೆದುಹಾಕಲಾಯಿತು. 2019ರಲ್ಲಿ ಡೆನ್ಮಾರ್ಕಿನ 6,57,461 ಮಕ್ಕಳನ್ನು ಒಳಗೊಂಡ ಅಧ್ಯಯನದಲ್ಲಿ ಲಸಿಕೆ ಪಡೆದವರಿಗೂ ಪಡೆಯದವರಿಗೂ ಸ್ವಲೀನತೆಯ ಸಂಭವದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.

ಲಸಿಕೆ ಹಾಕುವ ವಯಸ್ಸು ಹಾಗೂ ಸ್ವಲೀನತೆಯ ಲಕ್ಷಣಗಳು ಪೋಷಕರ ಗಮನಕ್ಕೆ ಬರುವ ವಯಸ್ಸು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಈ ಸಂಶಯ ಹುಟ್ಟುತ್ತದೆ. ವಾಸ್ತವದಲ್ಲಿ ರುಬೆಲ್ಲಾ ಲಸಿಕೆಯು ಸ್ಟೆಲ್ಲಾ ಚೆಸ್ ಗುರುತಿಸಿದ ಬಗೆಯ ಸ್ವಲೀನತೆಯನ್ನು ತಡೆಯುತ್ತದೆ. ಭಾರತದಲ್ಲಿ 2017ರ ಫೆಬ್ರವರಿಯಲ್ಲಿ ಆರಂಭವಾದ ದಡಾರ-ರುಬೆಲ್ಲಾ ಲಸಿಕಾ ಅಭಿಯಾನದ ಮೊದಲ ಹಂತದಲ್ಲಿ ಕರ್ನಾಟಕವೂ ಸೇರಿತ್ತು.

ಮಿದುಳಿನ ಹಾನಿಯ ಪ್ರಮುಖ ಕಾರಣಗಳು

ಹೆರಿಗೆಯ ಸಮಯದ ಆಮ್ಲಜನಕದ ಕೊರತೆ: ಹುಟ್ಟಿದ ಕೂಡಲೇ ಅಳದ, ಉಸಿರಾಡಲು ಕಷ್ಟಪಡುವ ಶಿಶುಗಳಲ್ಲಿ ಕೆಲವಕ್ಕೆ ಮಿದುಳಿನ ಹಾನಿ ಉಂಟಾಗುತ್ತದೆ. ಶ್ರೀಮಂತ ದೇಶಗಳಲ್ಲಿ ಇಂತಹ ಶಿಶುಗಳ ದೇಹವನ್ನು ಮೂರು ದಿನ ತಂಪಾಗಿರಿಸುವ ಚಿಕಿತ್ಸೆ ರೂಢಿಯಲ್ಲಿದೆ. ಈ ಚಿಕಿತ್ಸೆ ಇಲ್ಲಿಯೂ ಫಲಕಾರಿಯೇ ಎಂಬುದನ್ನು ಅರಿಯಲು ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶಗಳ ಏಳು ನವಜಾತ ಶಿಶು ಘಟಕಗಳಲ್ಲಿ 'ಹೀಲಿಕ್ಸ್' ಎಂಬ ಪ್ರಯೋಗ ನಡೆಯಿತು. ಬೆಂಗಳೂರಿನ ವೈದ್ಯರೂ ಇದರಲ್ಲಿ ಪಾಲ್ಗೊಂಡಿದ್ದರು. 408 ಶಿಶುಗಳನ್ನು ಒಳಗೊಂಡ ಇದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ತಂಪುಗೊಳಿಸಿದ ಶಿಶುಗಳಲ್ಲಿ ಶೇಕಡ 42ರಷ್ಟು, ಸಾಮಾನ್ಯ ಆರೈಕೆ ಪಡೆದ ಶಿಶುಗಳಲ್ಲಿ ಶೇಕಡ 31ರಷ್ಟು ಮರಣ ಹೊಂದಿದವು. ಒಂದು ದೇಶದಲ್ಲಿ ಸಿದ್ಧವಾದ ಚಿಕಿತ್ಸೆಯನ್ನು ಸ್ಥಳೀಯವಾಗಿ ಪರೀಕ್ಷಿಸದೆ ಅಳವಡಿಸಿಕೊಳ್ಳಬಾರದೆಂಬುದಕ್ಕೆ ಈ ಪ್ರಯೋಗ ಉದಾಹರಣೆಯಾಯಿತು.

ಅವಧಿಪೂರ್ವ ಜನನ: ದಿನ ತುಂಬುವ ಮುನ್ನ ಹುಟ್ಟಿದ ಶಿಶುಗಳ ಮಿದುಳಿನ ರಕ್ತನಾಳಗಳು ಬಹಳ ಸೂಕ್ಷ್ಮವಾಗಿರುತ್ತವೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1995ರಲ್ಲಿ 26 ವಾರಗಳಿಗೂ ಮುನ್ನ ಹುಟ್ಟಿದ ಮಕ್ಕಳನ್ನು 11ನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಶೇಕಡ 8ರಷ್ಟು ಮಕ್ಕಳಲ್ಲಿ ಸ್ವಲೀನತೆ ಕಂಡುಬಂದಿತು.

ನವಜಾತ ಶಿಶುವಿನ ತೀವ್ರ ಕಾಮಾಲೆ: ರಕ್ತದಲ್ಲಿ ಬಿಲಿರುಬಿನ್ ಅತಿಯಾಗಿ ಏರಿದರೆ ಅದು ಮಿದುಳಿನ ಆಳದ ಭಾಗಗಳಲ್ಲಿ ಸೇರಿ ಸೆರೆಬ್ರಲ್ ಪಾಲ್ಸಿಯನ್ನೂ ಕಿವುಡನ್ನೂ ಉಂಟುಮಾಡುತ್ತದೆ. ಸಕಾಲದಲ್ಲಿ ಮಗುವನ್ನು ನೀಲಿ ಬೆಳಕಿನ ಕೆಳಗೆ ಮಲಗಿಸುವ ಸರಳ ಚಿಕಿತ್ಸೆಯಿಂದ ಇದನ್ನು ತಡೆಯಬಹುದು.

ಮಿದುಳು ಜ್ವರ: ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ಕರ್ನಾಟಕದ ಕೋಲಾರ, ಮಂಡ್ಯ ಮೊದಲಾದ ಜಿಲ್ಲೆಗಳಲ್ಲಿ ಹಲವು ಬಾರಿ ಕಾಣಿಸಿಕೊಂಡಿದೆ. ಮಿದುಳಿಗೆ ಸೋಂಕು ತಗುಲಿದವರಲ್ಲಿ ಮರಣಪ್ರಮಾಣ ಶೇಕಡ 30ರವರೆಗೂ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬದುಕುಳಿದ ಅನೇಕ ಮಕ್ಕಳಲ್ಲಿ ಮೂರ್ಛೆ, ಮಾತಿನ ನಷ್ಟ ಮತ್ತು ನಡವಳಿಕೆಯ ತೊಂದರೆಗಳು ಉಳಿಯುತ್ತವೆ. 2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರವು 1ರಿಂದ 15 ವರ್ಷದ ಮಕ್ಕಳಿಗೆ ಇದರ ಲಸಿಕೆ ನೀಡುವ ಅಭಿಯಾನವನ್ನು ತುಮಕೂರು ಸೇರಿದಂತೆ ಇನ್ನಷ್ಟು ಜಿಲ್ಲೆಗಳಿಗೆ ವಿಸ್ತರಿಸಿತು.

ತಲೆಗೆ ಪೆಟ್ಟು: ಚಿಕ್ಕ ಮಕ್ಕಳಲ್ಲಿ ಎತ್ತರದಿಂದ ಬೀಳುವುದು, ನಂತರದ ವಯಸ್ಸಿನಲ್ಲಿ ರಸ್ತೆ ಅಪಘಾತ ಇದಕ್ಕೆ ಮುಖ್ಯ ಕಾರಣಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಜಿ. ಗುರುರಾಜ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಭಾರತದಲ್ಲಿ ಈ ಸಮಸ್ಯೆಯ ವ್ಯಾಪ್ತಿಯನ್ನು ದಾಖಲಿಸಿವೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ದ್ವಿಚಕ್ರ ವಾಹನದಲ್ಲಿ ಕೂರುವ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. 2022ರ ನಿಯಮವು ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೂ ಹೆಲ್ಮೆಟ್ ಮತ್ತು ಸುರಕ್ಷತಾ ಪಟ್ಟಿಯನ್ನು ವಿಧಿಸಿ, ವೇಗವನ್ನು ಗಂಟೆಗೆ 40 ಕಿಲೋಮೀಟರಿಗೆ ಮಿತಿಗೊಳಿಸಿದೆ.

ಎಳೆಯ ಮಿದುಳಿನ ಚೇತರಿಕೆ

ಚಿಕ್ಕ ವಯಸ್ಸಿನಲ್ಲಿ ಆದ ಗಾಯ ಬೇಗ ಮಾಯುತ್ತದೆ ಎಂಬ ನಂಬಿಕೆ ವೈದ್ಯಲೋಕದಲ್ಲಿಯೂ ಬಹುಕಾಲ ಇದ್ದಿತು. 1930ರ ದಶಕದಲ್ಲಿ ಮಾರ್ಗರೆಟ್ ಕೆನ್ನಾರ್ಡ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಆಧಾರವಾಗಿದ್ದವು. ಎಳೆಯ ಕೋತಿಗಳು ಕೈಕಾಲುಗಳ ಚಲನೆಯನ್ನು ದೊಡ್ಡ ಕೋತಿಗಳಿಗಿಂತ ಚೆನ್ನಾಗಿ ಮರಳಿ ಪಡೆದಿದ್ದವು. ಆದರೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಿಕಿ ಆಂಡರ್ಸನ್ ಮತ್ತು ಸಂಗಡಿಗರು ತೀವ್ರ ಪೆಟ್ಟು ಬಿದ್ದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಗಮನಶಕ್ತಿ, ಕಲಿಕೆ ಮತ್ತು ವಿವೇಚನೆಯ ವಿಷಯದಲ್ಲಿ ಬಹಳ ಚಿಕ್ಕ ವಯಸ್ಸಿನ ಗಾಯವೇ ಹೆಚ್ಚು ನಷ್ಟವನ್ನುಂಟುಮಾಡಬಹುದೆಂದು ತೋರಿಸಿದರು. ಇನ್ನೂ ಕಲಿಯದ ಕೌಶಲವನ್ನು ಕಲಿಯಬೇಕಾದ ಭಾಗವೇ ಗಾಯಗೊಂಡಿರುವುದು ಇದಕ್ಕೆ ಕಾರಣ. ಈ ನಷ್ಟ ಗಾಯವಾದ ವರ್ಷದಲ್ಲಿ ಕಾಣದೆ, ಮಗು ಮೇಲಿನ ತರಗತಿಗೆ ಹೋದಾಗ ಪ್ರಕಟವಾಗಬಹುದು. ಆದುದರಿಂದಲೇ ಇಂತಹ ಮಕ್ಕಳು ಶಾಲೆಯಲ್ಲಿ ಸೋಮಾರಿಗಳೆಂದೋ ತುಂಟರೆಂದೋ ಎಣಿಸಲ್ಪಡುವ ಅಪಾಯವಿದೆ.

ಎರಡು ಸ್ಥಿತಿಗಳ ಪರಸ್ಪರ ಸಂಬಂಧ

ಸ್ವಲೀನತೆಯುಳ್ಳ ಬಹುಪಾಲು ಮಕ್ಕಳ ಮಿದುಳಿನಲ್ಲಿ ಗಾಯದ ಗುರುತು ಇರುವುದಿಲ್ಲ. ಸಾಮಾನ್ಯ ಸ್ಕ್ಯಾನ್ ಪರೀಕ್ಷೆಯಲ್ಲಿ ಅವರ ಮಿದುಳು ಸಹಜವಾಗಿಯೇ ಕಾಣಬಹುದು. ಹೀಗಾಗಿ ಸ್ಕ್ಯಾನ್ ಅಥವಾ ರಕ್ತಪರೀಕ್ಷೆಯಿಂದ ಸ್ವಲೀನತೆಯನ್ನು ನಿರ್ಧರಿಸಲಾಗುವುದಿಲ್ಲ. ಮಿದುಳಿನ ಹಾನಿಗೊಳಗಾದ ಬಹುಪಾಲು ಮಕ್ಕಳಿಗೂ ಸ್ವಲೀನತೆ ಬರುವುದಿಲ್ಲ. ಆದರೆ ಅವಧಿಪೂರ್ವ ಜನನ, ಗರ್ಭಸ್ಥ ರುಬೆಲ್ಲಾ ಮತ್ತು ಕಿರುಮಿದುಳಿನ ರಕ್ತಸ್ರಾವ ಸ್ವಲೀನತೆಯ ಸಂಭವವನ್ನು ಹೆಚ್ಚಿಸುತ್ತವೆ. ಚಲನೆಗೆ ಸಂಬಂಧಿಸಿದ ಭಾಗವೆಂದು ಮಾತ್ರ ಹಿಂದೆ ತಿಳಿಯಲಾಗಿದ್ದ ಕಿರುಮಿದುಳಿಗೆ ಭಾಷೆ ಹಾಗೂ ಸಾಮಾಜಿಕ ಒಡನಾಟದಲ್ಲಿಯೂ ಪಾತ್ರವಿದೆ ಎಂಬುದು ಈ ಸಂಶೋಧನೆಯಿಂದ ತಿಳಿದುಬಂದಿದೆ.

ಹಾನಿಯಿಂದ ದೃಷ್ಟಿ ಅಥವಾ ಶ್ರವಣ ಕುಂದಿದ ಮಗು ಕರೆದಾಗ ತಿರುಗದಿರಬಹುದು, ಕಣ್ಣಿನಲ್ಲಿ ಕಣ್ಣಿಟ್ಟು ನೋಡದಿರಬಹುದು. ಇದನ್ನು ಸ್ವಲೀನತೆಯೆಂದು ತಪ್ಪಾಗಿ ಭಾವಿಸುವ ಸಾಧ್ಯತೆಯಿದೆ. ಸ್ವಲೀನತೆಯುಳ್ಳ ಮಗುವನ್ನು ಕಿವುಡೆಂದು ಭಾವಿಸುವುದೂ ಉಂಟು. ಆದುದರಿಂದ ಯಾವುದೇ ತೀರ್ಮಾನಕ್ಕೆ ಮುನ್ನ ಶ್ರವಣ ಪರೀಕ್ಷೆ ಅಗತ್ಯ. ಬಂದ ಮಾತು ನಿಂತುಹೋದ ಮಗುವಿನಲ್ಲಿ ಮೂರ್ಛೆರೋಗದ ಪರೀಕ್ಷೆಯೂ ಬೇಕಾಗಬಹುದು.

ಕರ್ನಾಟಕದಲ್ಲಿ ಸಂಶೋಧನೆ

ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಇಲ್ಲಿನ ಮಕ್ಕಳ ಮನೋವೈದ್ಯಕೀಯ ವಿಭಾಗದ ಶೋಭಾ ಶ್ರೀನಾಥ್, ಸತೀಶ್ ಗಿರಿಮಾಜಿ ಮೊದಲಾದವರು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳಗೇರಿ ಮತ್ತು ಗ್ರಾಮಾಂತರ ಪ್ರದೇಶಗಳ 16 ವರ್ಷದೊಳಗಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಶೇಕಡ 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮನೋವೈದ್ಯಕೀಯ ತೊಂದರೆ ಕಂಡುಬಂದಿತು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದ ಮಾತು ಮತ್ತು ಶ್ರವಣದ ತೊಂದರೆಗಳ ಕ್ಷೇತ್ರದಲ್ಲಿ ತರಬೇತಿ, ಚಿಕಿತ್ಸೆ ಮತ್ತು ಸಂಶೋಧನೆ ನಡೆಸುತ್ತಿದೆ. ಇಲ್ಲಿ ಪ್ರಾಧ್ಯಾಪಕಿಯಾಗಿದ್ದ ಪ್ರತಿಭಾ ಕಾರಂತ್ ಬೆಂಗಳೂರಿನಲ್ಲಿ 'ಕಾಮ್ ಡೀಲ್' ಎಂಬ ಕಾರ್ಯಕ್ರಮವನ್ನು ರೂಪಿಸಿದರು. ಶಾಲೆ ಸೇರುವ ಮುನ್ನ ಸ್ವಲೀನತೆಯುಳ್ಳ ಮಕ್ಕಳಿಗೆ ಚಿಕ್ಕ ಗುಂಪಿನಲ್ಲಿ ಮಾತು, ಚಲನೆ ಮತ್ತು ಒಡನಾಟದ ತರಬೇತಿ ನೀಡುವ ಈ ಪದ್ಧತಿಯ ಫಲಿತಾಂಶಗಳು 2010ರಲ್ಲಿ ಪ್ರಕಟವಾದವು.

ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಮಿದುಳಿನ ಬೆಳವಣಿಗೆ ಮತ್ತು ದುರಸ್ತಿ ಕೇಂದ್ರದಲ್ಲಿ, ಸ್ವಲೀನತೆಯೊಡನೆ ಸಂಬಂಧವಿರುವ ಫ್ರಜೈಲ್ ಎಕ್ಸ್ ಎಂಬ ವಂಶವಾಹಿ ದೋಷದ ಅಧ್ಯಯನ ನಡೆದಿದೆ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿನ್‌ಗ್ಯಾಪ್ ಎಂಬ ವಂಶವಾಹಿಯನ್ನು ಕುರಿತ ಸಂಶೋಧನೆ ನಡೆಯುತ್ತಿದೆ.

ರಕ್ತಸಂಬಂಧದ ವಿವಾಹ: ಸೋದರಮಾವ ಮತ್ತು ಸೋದರತ್ತೆಯ ಮಕ್ಕಳೊಡನೆಯೂ, ಸೋದರಮಾವನೊಡನೆಯೂ ವಿವಾಹವಾಗುವ ಪದ್ಧತಿ ದಕ್ಷಿಣ ಕರ್ನಾಟಕದಲ್ಲಿದೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ 60 ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತಪರೀಕ್ಷೆ ನಡೆಸಿದ ರಾಧಾ ರಮಾದೇವಿ, ಆಲನ್ ಬಿಟಲ್ಸ್ ಮೊದಲಾದವರು ಈ ಪದ್ಧತಿ ಎಷ್ಟು ವ್ಯಾಪಕವೆಂಬುದನ್ನು ದಾಖಲಿಸಿದರು. ಇಂತಹ ವಿವಾಹಗಳಿಂದ, ಮಿದುಳಿಗೆ ಹಾನಿ ಮಾಡುವ ಕೆಲವು ಅಪರೂಪದ ಚಯಾಪಚಯ ರೋಗಗಳ ಸಂಭವ ಹೆಚ್ಚುತ್ತದೆ. ಆದರೆ ಇಂತಹ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ.

ಕುಡಿಯುವ ನೀರಿನ ಫ್ಲೋರೈಡ್

ಪಾವಗಡ ಮತ್ತು ಸುತ್ತಲಿನ ತಾಲ್ಲೂಕುಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಹೆಚ್ಚಾಗಿರುವುದು ಬಹುಕಾಲದಿಂದ ತಿಳಿದ ವಿಷಯ. ಹಲ್ಲುಗಳ ಮೇಲಿನ ಕಂದು ಕಲೆ ಮತ್ತು ಮೂಳೆಗಳ ಬಿಗಿತ ಇದರ ನೇರ ಪರಿಣಾಮಗಳು. ಲೀಟರಿಗೆ 1.5 ಮಿಲಿಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಇದನ್ನು ಮೀರಿದ ಫ್ಲೋರೈಡಿಗೂ ಮಕ್ಕಳ ಬುದ್ಧಿಸೂಚ್ಯಂಕದ ಇಳಿಕೆಗೂ ಸಂಬಂಧವಿದೆಯೆಂದು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2024ರಲ್ಲಿ ಮಧ್ಯಮ ಮಟ್ಟದ ವಿಶ್ವಾಸದೊಂದಿಗೆ ತೀರ್ಮಾನಿಸಿತು. ಈ ತೀರ್ಮಾನವು ಬುದ್ಧಿಸೂಚ್ಯಂಕಕ್ಕೆ ಸಂಬಂಧಿಸಿದುದು. ಫ್ಲೋರೈಡಿನಿಂದ ಸ್ವಲೀನತೆ ಬರುತ್ತದೆ ಎಂದು ಅದು ಹೇಳುವುದಿಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಕಡಿಮೆಯಾಗುವುದಿಲ್ಲ. ಮಕ್ಕಳಿಗೂ ಗರ್ಭಿಣಿಯರಿಗೂ ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಥವಾ ಮಳೆನೀರು ಸೂಕ್ತ.

ಗುರುತಿಸುವಿಕೆ

ಕೆಳಗಿನ ಲಕ್ಷಣಗಳಲ್ಲಿ ಯಾವುದಾದರೂ ಕಂಡರೆ ಮಗುವನ್ನು ತಜ್ಞರಿಂದ ಪರೀಕ್ಷಿಸಬೇಕೆಂದು ಸಲಹೆ ನೀಡಲಾಗುತ್ತದೆ.

- ಒಂದು ವರ್ಷವಾದರೂ ಹೆಸರು ಹಿಡಿದು ಕರೆದಾಗ ತಿರುಗದಿರುವುದು, ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು.
- 16 ತಿಂಗಳಾದರೂ ಒಂದು ಪದವನ್ನೂ, ಎರಡು ವರ್ಷವಾದರೂ ಎರಡು ಪದ ಕೂಡಿಸಿದ ಸ್ವಂತ ಮಾತನ್ನೂ ಆಡದಿರುವುದು.
- ಒಂದೇ ಬಗೆಯ ಚಲನೆಯನ್ನು ಮತ್ತೆ ಮತ್ತೆ ಮಾಡುವುದು, ದಿನಚರಿಯ ಚಿಕ್ಕ ಬದಲಾವಣೆಗೂ ತೀವ್ರವಾಗಿ ಕಂಗೆಡುವುದು.
- ಯಾವುದೇ ವಯಸ್ಸಿನಲ್ಲಿ, ಬಂದಿದ್ದ ಮಾತು ಅಥವಾ ಒಡನಾಟ ಮರೆಯಾಗುವುದು.

ಮನೆಯಲ್ಲಿ ಯಾರಿಗೋ ಮಾತು ತಡವಾಗಿ ಬಂದಿತ್ತೆಂದು ಕಾಯುವುದರಿಂದ ತರಬೇತಿಗೆ ಅತ್ಯಂತ ಅನುಕೂಲವಾದ ವರ್ಷಗಳು ಕಳೆದುಹೋಗುತ್ತವೆ. ಭಾರತದಲ್ಲಿ ಪ್ರಮಾಣಪತ್ರಕ್ಕಾಗಿ 40 ಅಂಶಗಳ 'ಇಸಾ' ಮಾಪಕವನ್ನು ಬಳಸಲಾಗುತ್ತದೆ. ಇದರಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದರೆ ಸ್ವಲೀನತೆ ಇಲ್ಲವೆಂದೂ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲ್ಪಟ್ಟು ತೀವ್ರವೆಂದೂ ಪರಿಗಣಿಸಲಾಗುತ್ತದೆ.

ಚಿಕಿತ್ಸೆ ಮತ್ತು ತರಬೇತಿ

ಸ್ವಲೀನತೆಯನ್ನು ಗುಣಪಡಿಸುವ ಔಷಧಿ ಇಲ್ಲ. ಜೊತೆಯಲ್ಲಿರುವ ಮೂರ್ಛೆ, ನಿದ್ರಾಹೀನತೆ ಮೊದಲಾದವುಗಳಿಗೆ ಮಾತ್ರ ಔಷಧಿ ನೀಡಲಾಗುತ್ತದೆ. ಮಾತಿನ ತರಬೇತಿ, ನಡವಳಿಕೆಯ ತರಬೇತಿ ಮತ್ತು ದೈನಂದಿನ ಕೆಲಸಗಳ ಅಭ್ಯಾಸ ಮುಖ್ಯವಾದವು. ಮಾತು ಬಾರದ ಮಗುವಿಗೆ ಚಿತ್ರಗಳ ಮೂಲಕ ಸಂವಹನ ಕಲಿಸಲಾಗುತ್ತದೆ. ಸ್ವಲೀನತೆಗೆ ಕಾಂಡಕೋಶ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ತಿಳಿಸಿದೆ. ಮಿದುಳಿನ ಹಾನಿಯಾದ ಮಕ್ಕಳಿಗೆ ಫಿಸಿಯೋಥೆರಪಿಯೂ ಬೇಕಾಗುತ್ತದೆ.

ಗ್ರಾಮೀಣ ಸೇವೆಗಳು

ಸಂಶೋಧನಾ ಕೇಂದ್ರಗಳು ಮಹಾನಗರದಲ್ಲಿದ್ದರೂ ಮಗುವನ್ನು ಮೊದಲು ಗಮನಿಸುವವರು ಅಂಗನವಾಡಿ ಮತ್ತು ಪ್ರಾಥಮಿಕ ಶಾಲೆಯ ಶಿಕ್ಷಕರು. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆ ಇಂತಹ ಪ್ರದೇಶಕ್ಕೆ ಉದಾಹರಣೆ. ಶಿರಾ ಪಟ್ಟಣದಿಂದ ಬೆಂಗಳೂರು ಸುಮಾರು 120 ಕಿಲೋಮೀಟರ್ ದೂರದಲ್ಲಿದೆ. ಶಿರಾ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬುಕ್ಕಾಪಟ್ಟಣದ ಕುಟುಂಬವೊಂದು ವಾರಕ್ಕೆರಡು ಬಾರಿ ತರಬೇತಿಗಾಗಿ ರಾಜಧಾನಿಗೆ ಹೋಗಿಬರುವುದೆಂದರೆ ಕೂಲಿಯನ್ನೂ ಬೇಸಾಯದ ಕೆಲಸವನ್ನೂ ಬಿಡಬೇಕಾಗುತ್ತದೆ. ಆದುದರಿಂದ ತಾಯಿತಂದೆಯರಿಗೇ ತರಬೇತಿ ನೀಡಿ ಮನೆಯಲ್ಲಿ ಅಭ್ಯಾಸ ಮಾಡಿಸುವ ಕ್ರಮವು ಇಂತಹ ಊರುಗಳಿಗೆ ಹೆಚ್ಚು ಹೊಂದುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಲ್ಲಿ, ಒಂದು ಬಾರಿ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಬೇಕು. ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆ ಇದರಲ್ಲಿದೆ. ಹೆರಿಗೆಯ ವಿವರ, ಮಗುವಿನ ತೂಕ ಮತ್ತು ಲಸಿಕೆಗಳು ದಾಖಲಾಗಿರುವ ತಾಯಿ ಕಾರ್ಡ್ ಈ ಪರೀಕ್ಷೆಯಲ್ಲಿ ಉಪಯುಕ್ತ ದಾಖಲೆ. ಶಾಲೆಗೆ ಬರಲಾಗದ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಗೃಹಾಧಾರಿತ ಶಿಕ್ಷಣ ಒದಗಿಸಲಾಗುತ್ತದೆ.

ಕಾನೂನು: 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯು ಸ್ವಲೀನತೆ ಮತ್ತು ಸೆರೆಬ್ರಲ್ ಪಾಲ್ಸಿಗಳನ್ನು ಒಳಗೊಂಡಿದೆ. ಇದರಡಿ ಬರುವ 'ನಿರಾಮಯ' ಯೋಜನೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳವರೆಗೆ ಆರೋಗ್ಯ ವಿಮೆ ನೀಡುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವಿಕಲತೆಗಳಲ್ಲಿ ಸ್ವಲೀನತೆಯನ್ನೂ ಸೇರಿಸಿದೆ. ಇದರಂತೆ ಶೇಕಡ 40 ಅಥವಾ ಹೆಚ್ಚಿನ ವಿಕಲತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಸಮೀಪದ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ.